ಮನೆಯಲ್ಲೇ ಪಿಸಿಬಿ ಮಾಡೋಕೆ ಏನೇನು ಬೇಕು, ಯಾವುದನ್ನು ಮೊದಲು ತಗೋಬೇಕು

ಪಿಸಿಬಿ ಅಂದರೆ ಎಲೆಕ್ಟ್ರಾನಿಕ್ ಭಾಗಗಳನ್ನು ಕೂರಿಸುವ, ತಾಮ್ರದ ಗೆರೆಗಳಿರುವ ಸರ್ಕ್ಯೂಟ್ ಬೋರ್ಡು. ತಾಮ್ರ ಅಂಟಿದ ಬೋರ್ಡಿನ ಮೇಲೆ ಡಿಸೈನ್ ಇಳಿಸಿ, ಬೇಡದ ತಾಮ್ರವನ್ನು ಕರಗಿಸಿ, ತೂತು ಕೊರೆದರೆ ಅದು ಸಿದ್ಧ. ಅದನ್ನು ಮನೆಯಲ್ಲಿ ಮಾಡೋಣ ಅಂತ ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ತಾಮ್ರ ಕರಗಿಸುವ ದ್ರಾವಣ ಎಲ್ಲಿ ಸಿಗುತ್ತದೆ ಅಂತ. ಅದು ಸುಲಭವಾಗಿ ಸಿಗುತ್ತದೆ, ಕೆಲಸವನ್ನೂ ಸರಿಯಾಗಿಯೇ ಮಾಡುತ್ತದೆ. ಕೈಕೊಡುವುದು ಬೇರೆ ಎರಡು ಕಡೆ. ಒಂದು, ಡಿಸೈನ್ ಕಾಗದದಿಂದ ತಾಮ್ರದ ಮೇಲೆ ಇಳಿಯುವಾಗ. ಇನ್ನೊಂದು, ತೂತು ಕೊರೆಯುವಾಗ. ಹಾಗಾಗಿ ದುಡ್ಡು ಇದ್ದರೆ ಅದನ್ನು ಈ ಎರಡಕ್ಕೆ ಹಾಕಿ. ಉಳಿದದ್ದಕ್ಕೆಲ್ಲ ಪ್ಲಾಸ್ಟಿಕ್ ಟಬ್ಬು, ಪಾತ್ರೆ ಉಜ್ಜುವ ಹಸಿರು ಸ್ಕಾಚ್ ಬ್ರೈಟ್ ಸಾಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಸಿರು ಬಣ್ಣದ, ಎರಡೂ ಕಡೆ ತಾಮ್ರ ಇರುವ, ಅಕ್ಷರ ಅಚ್ಚಾದ ಚೆಂದದ ಬೋರ್ಡು ಬೇಕು, ಒಂದೆರಡು ವಾರ ಕಾಯೋಕೆ ತೊಂದರೆ ಇಲ್ಲ ಅಂದರೆ ಕಾರ್ಖಾನೆಗೆ ಕಳಿಸಿ. ಅವರಷ್ಟು ಚೆನ್ನಾಗಿ ನಾವು ಮಾಡೋಕಾಗಲ್ಲ, ಬೆಲೆಯಲ್ಲೂ ಅವರಿಗೆ ಸಮ ಆಗಲ್ಲ. ಮನೆಯಲ್ಲಿ ಮಾಡುವುದರ ಲಾಭ ಒಂದೇ: ಮಧ್ಯಾಹ್ನ ಡಿಸೈನ್ ಮಾಡಿದ್ದನ್ನು ರಾತ್ರಿ ಊಟದ ಹೊತ್ತಿಗೆ ಟೆಸ್ಟ್ ಮಾಡಬಹುದು, ತಪ್ಪಿದ್ದರೆ ನಾಳೆ ಇನ್ನೊಂದು. ಸರ್ಕ್ಯೂಟ್ ಇನ್ನೂ ಬದಲಾಗುತ್ತಾ ಇರುವಾಗ ಈ ವೇಗಕ್ಕೆ ತುಂಬಾ ಬೆಲೆ ಇದೆ.

ಡಿಸೈನ್‌ನಲ್ಲೇ ಅರ್ಧ ಉಪಕರಣ ಉಳಿಸಿ

ಬೋರ್ಡು ಡಿಸೈನ್ ಮಾಡುವ ಸಾಫ್ಟ್‌ವೇರ್‌ಗೆ ಕೀಕ್ಯಾಡ್ ಸಾಕು. ಉಚಿತ, ಮುಕ್ತ ತಂತ್ರಾಂಶ. ಫ್ರಾನ್ಸ್‌ನ ಜ್ಯಾಂ-ಪಿಯರ್ ಶರಾಸ್ ಅವರು 1992ರಲ್ಲಿ ಶುರು ಮಾಡಿದ್ದು, ಈಗ ದೊಡ್ಡ ದೊಡ್ಡ ಕಂಪನಿಗಳೂ ಬಳಸುತ್ತವೆ.

ಅದರಲ್ಲಿ ಬೋರ್ಡು ಹಾಕುವಾಗಲೇ ಮನೆಯ ಮಿತಿ ನೆನಪಿಟ್ಟುಕೊಳ್ಳಿ. ಟ್ರ್ಯಾಕ್ (ಕರೆಂಟ್ ಹರಿಯುವ ತಾಮ್ರದ ಗೆರೆ) 0.6 ಮಿ.ಮೀ. ಅಥವಾ ಜಾಸ್ತಿ, ನಡುವಿನ ಸಂದು 0.4ರಿಂದ 0.5 ಮಿ.ಮೀ., 0.8 ಮಿ.ಮೀ. ತೂತಿಗೆ ಪ್ಯಾಡು (ಭಾಗದ ಕಾಲು ಬೆಸೆಯುವ ತಾಮ್ರದ ಬಿಲ್ಲೆ) 2 ಮಿ.ಮೀ. ಇಷ್ಟು ಕೊಟ್ಟರೆ ಇಸ್ತ್ರಿ ಪೆಟ್ಟಿಗೆಯಿಂದ ಡಿಸೈನ್ ಇಳಿಸಿದರೂ ಬೋರ್ಡು ಸರಿಯಾಗಿ ಬರುತ್ತದೆ. ಕರೆಂಟಿನ ಲೆಕ್ಕಕ್ಕೂ ಇದು ಸಾಕು; ಸಾಮಾನ್ಯ 35 ಮೈಕ್ರಾನ್ ತಾಮ್ರದಲ್ಲಿ 1 ಆಂಪಿಯರ್‌ಗೆ 0.3 ಮಿ.ಮೀ. ಅಗಲದ ಟ್ರ್ಯಾಕ್ ಸುಮಾರು 10 ಡಿಗ್ರಿ ಅಷ್ಟೇ ಬಿಸಿ ಏರುತ್ತದೆ. ಖಾಲಿ ಜಾಗವನ್ನೆಲ್ಲ ಗ್ರೌಂಡ್‌ಗೆ (ಸರ್ಕ್ಯೂಟಿನ ನೆಗೆಟಿವ್ ಕಡೆಗೆ) ಸೇರಿದ ತಾಮ್ರದಿಂದ ತುಂಬಿಸಿ. ಕರಗಿಸಬೇಕಾದ ತಾಮ್ರ ಕಡಿಮೆಯಾದಷ್ಟೂ ದ್ರಾವಣ ಜಾಸ್ತಿ ದಿನ ಬರುತ್ತದೆ.

ಒಂದೇ ಕಡೆ ತಾಮ್ರ ಇರುವ ಬೋರ್ಡಿಗೇ ಹೊಂದಿಸಿ. ದಾಟೋಕಾಗದ ಕಡೆ ಒಂದು ತಂತಿ ತುಂಡು ಜಂಪರ್ ಹಾಕಿದರೆ ಆಯಿತು. ನಾಲ್ಕೈದು ಜಂಪರ್ ಇದ್ದರೆ ಯಾರೂ ನಗಲ್ಲ, ನಕ್ಕರೂ ಬೋರ್ಡು ಕೆಲಸ ಮಾಡುತ್ತದೆ.

ಇನ್ನು, ಸಾಧ್ಯವಾದ ಕಡೆಯೆಲ್ಲ ಎಸ್‌ಎಮ್‌ಡಿ ಭಾಗಗಳನ್ನೇ, ಅಂದರೆ ತಾಮ್ರದ ಮೇಲೆಯೇ ಬೆಸೆಯುವ ಪುಟ್ಟ ಭಾಗಗಳನ್ನೇ ಹಾಕಿ. ಹೊಸಬರು ಇದಕ್ಕೆ ಹೆದರುತ್ತಾರೆ, ಆದರೆ ಮನೆ ಬೋರ್ಡಿಗೆ ಅದೇ ಸುಲಭ. ಯಾಕೆಂದರೆ ತೂತೇ ಬೇಡ. 1206 ಅಳತೆಯ ರೆಸಿಸ್ಟರ್ 3.2 ಮಿ.ಮೀ. ಉದ್ದ ಇರುತ್ತದೆ, ಚಿಮಟದಲ್ಲಿ ಹಿಡಿದು ಸಾಮಾನ್ಯ ಸೋಲ್ಡರಿಂಗ್ ಐರನ್‌ನಲ್ಲೇ ಕೂರಿಸಬಹುದು. ಎಸ್‌ಒಐಸಿ ಅನ್ನುವ ಆಕಾರದ ಐಸಿಗಳ (ಚಿಪ್‌ಗಳ) ಕಾಲುಗಳ ನಡುವೆ 1.27 ಮಿ.ಮೀ. ಅಂತರ, ಇಎಸ್‌ಪಿ32 ವ್ರೂಮ್ ಅನ್ನುವ ವೈಫೈ ಮಾಡ್ಯೂಲಿಗೂ ಅಷ್ಟೇ. ಅದನ್ನೆಲ್ಲ ಆರಾಮಾಗಿ ಮಾಡಬಹುದು. 40 ತೂತಿನ ಬೋರ್ಡು 6 ತೂತಿಗೆ ಇಳಿದರೆ ಡ್ರಿಲ್ಲಿನ ತಲೆನೋವೂ ಅಷ್ಟೇ ಇಳಿಯುತ್ತದೆ.

ಮೊದಲ ಬೋರ್ಡಿನಲ್ಲಿ 230 ವೋಲ್ಟ್ ಮಾತ್ರ ಬೇಡ. 5 ಅಥವಾ 12 ವೋಲ್ಟ್ ಅಡಾಪ್ಟರ್ ಹಾಕಿಕೊಳ್ಳಿ.

ಬೋರ್ಡು

ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಕಂದು ಬಣ್ಣದ್ದು ಪೇಪರ್ ಫೀನಾಲಿಕ್, ಅಗ್ಗ. ತಿಳಿ ಹಸಿರು-ಹಳದಿ ಬಣ್ಣದ್ದು ಗ್ಲಾಸ್ ಎಪಾಕ್ಸಿ, ಅಂದರೆ ಎಫ್‌ಆರ್4. ಗ್ಲಾಸ್ ಎಪಾಕ್ಸಿ ಗಟ್ಟಿ, ಬಿಸಿ ತಡೆಯುತ್ತದೆ. ಆದರೆ ಅದರಲ್ಲಿರುವ ಗಾಜಿನ ನಾರು ಡ್ರಿಲ್ ಬಿಟ್ಟನ್ನು ಬೇಗ ಮೊಂಡು ಮಾಡುತ್ತದೆ. ಕಂದು ಬೋರ್ಡು ಬೆಣ್ಣೆಯ ಹಾಗೆ ಕೊರೆಯಬಹುದು, ಆದರೆ ಐರನ್ ಸ್ವಲ್ಪ ಜಾಸ್ತಿ ಹೊತ್ತು ಇಟ್ಟರೆ ಪ್ಯಾಡೇ ಎದ್ದು ಬರುತ್ತದೆ. ಕಲಿಯೋಕೆ ಕಂದು, ಉಳಿಸಿಕೊಳ್ಳೋಕೆ ಗ್ಲಾಸ್. ದಪ್ಪ ಸಾಮಾನ್ಯವಾಗಿ 1.6 ಮಿ.ಮೀ. ಮುಂದೆ ಇಸ್ತ್ರಿ ಪೆಟ್ಟಿಗೆಯ ಬದಲು ಬಿಸಿ ರೋಲರಿನ ಲ್ಯಾಮಿನೇಟರ್ ಬಳಸುವ ಯೋಚನೆ ಇದ್ದರೆ 0.8 ಮಿ.ಮೀ.ದು ಹುಡುಕಿ, ರೋಲರ್ ನಡುವೆ ಸಿಕ್ಕಿಕೊಳ್ಳದೆ ಹೋಗುತ್ತದೆ.

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಗೊತ್ತೇ ಇರುತ್ತದೆ. ಬೋರ್ಡು, ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್, ಡ್ರಿಲ್ ಬಿಟ್, ಸೋಲ್ಡರ್ ಎಲ್ಲ ಅಲ್ಲೇ ಆಗುತ್ತದೆ. ಬೇರೆ ಊರಿನವರು ಆನ್‌ಲೈನ್ ತರಿಸಬೇಕಾಗಬಹುದು, ಅಥವಾ ಹತ್ತಿರದ ಇಂಜಿನಿಯರಿಂಗ್ ಕಾಲೇಜಿನವರು ಪ್ರಾಜೆಕ್ಟ್ ಸಾಮಾನು ಎಲ್ಲಿ ತಗೋತಾರೆ ಅಂತ ಕೇಳಿ ನೋಡಿ.

ಕತ್ತರಿಸೋಕೆ ಅಕ್ರಿಲಿಕ್ ಕಟರ್ ತಗೊಳ್ಳಿ, ಕೊಕ್ಕಿನ ಥರ ಬಾಗಿದ ಬ್ಲೇಡ್ ಇರುತ್ತದಲ್ಲ, ಅದು. ಸ್ಟೀಲ್ ಸ್ಕೇಲ್ ಇಟ್ಟು ಎರಡೂ ಕಡೆ ಆಳವಾಗಿ ಗೀರಿ, ಮೇಜಿನ ಅಂಚಿಗೆ ಹಿಡಿದು ಮುರಿದರೆ ನೇರವಾಗಿ ಬರುತ್ತದೆ. ಹ್ಯಾಕ್ಸಾದಲ್ಲೂ ಆಗುತ್ತದೆ, ಧೂಳು ಜಾಸ್ತಿ. ಸುತ್ತಲೂ 5 ಮಿ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ, ಕೊನೆಗೆ ಅರದಲ್ಲಿ ಅಂಚು ಉಜ್ಜಿಕೊಳ್ಳಬಹುದು.

ಆಮೇಲೆ ತೊಳೆಯುವುದು. ಇದನ್ನು ಎಲ್ಲರೂ ಸುಮ್ನೆ ಎರಡು ಸಲ ಒರೆಸಿ ಮುಗಿಸುತ್ತಾರೆ, ಆಮೇಲೆ ಪ್ರಿಂಟಿನ ಟೋನರ್ ತಾಮ್ರಕ್ಕೆ ಅಂಟಲಿಲ್ಲ ಅಂತ ಪ್ರಿಂಟರನ್ನು ಬೈಯುತ್ತಾರೆ. ಸ್ಕಾಚ್ ಬ್ರೈಟಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ತಾಮ್ರ ಗುಲಾಬಿ ಬಣ್ಣಕ್ಕೆ ಬರುವವರೆಗೂ ಉಜ್ಜಿ. ನಲ್ಲಿ ನೀರು ಬಿಟ್ಟರೆ ನೀರು ಹನಿ ಹನಿಯಾಗಿ ನಿಲ್ಲದೆ ಒಂದೇ ಪದರವಾಗಿ ಹರಡಬೇಕು. ಹನಿ ಕಟ್ಟಿದರೆ ಇನ್ನೂ ಎಣ್ಣೆ ಜಿಡ್ಡು ಇದೆ ಅಂತ ಅರ್ಥ. ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ತೊಳೆದ ಕೂಡಲೇ ಮುಂದಿನ ಕೆಲಸಕ್ಕೆ ಹೋಗಿ, ತಾಮ್ರ ಬೇಗ ಮಾಸುತ್ತದೆ.

ಟೋನರ್ ವರ್ಗಾವಣೆ

ಅತಿ ಕಡಿಮೆ ಖರ್ಚಿನ ದಾರಿ ಇದು. ಲೇಸರ್ ಪ್ರಿಂಟರ್‌ನ ಟೋನರ್ ನಿಜವಾಗಿ ಪ್ಲಾಸ್ಟಿಕ್ ಪುಡಿ. ಬಿಸಿ ಮಾಡಿ ಒತ್ತಿದರೆ ಕರಗಿ ತಾಮ್ರಕ್ಕೆ ಅಂಟುತ್ತದೆ, ಅಂಟಿದ ಕಡೆ ದ್ರಾವಣ ತಾಗುವುದಿಲ್ಲ. ಇಂಕ್‌ಜೆಟ್ ಪ್ರಿಂಟಿನಿಂದ ಇದು ಆಗುವುದೇ ಇಲ್ಲ.

ಮನೆಯಲ್ಲಿ ಲೇಸರ್ ಪ್ರಿಂಟರ್ ಇಲ್ಲದಿದ್ದರೆ ಜೆರಾಕ್ಸ್ ಅಂಗಡಿಗೆ ಹೋಗಿ. ಪಿಡಿಎಫ್ ಮಾಡಿಕೊಂಡು ಹೋಗಿ, "ಫಿಟ್ ಟು ಪೇಜ್ ಬೇಡ, 100 ಪರ್ಸೆಂಟ್‌ನಲ್ಲೇ ಕೊಡಿ, ಟೋನರ್ ಸೇವ್ ಆಫ್ ಮಾಡಿ" ಅಂತ ಬಾಯಿಬಿಟ್ಟು ಹೇಳಬೇಕು. ಪ್ರಿಂಟ್ ಕೈಗೆ ಬಂದ ಕೂಡಲೇ ಒಂದು ಐಸಿಯನ್ನು ಅದರ ಮೇಲೆ ಇಟ್ಟು ನೋಡಿ. ಕಾಲುಗಳ ಅಂತರ 2.54 ಮಿ.ಮೀ. ಸರಿಯಾಗಿ ಕೂರಬೇಕು, ಪ್ರಿಂಟ್ ಎರಡು ಪರ್ಸೆಂಟ್ ಚಿಕ್ಕದಾಗಿದ್ದರೂ 40 ಕಾಲಿನ ಐಸಿ ತೂತಿಗೆ ಹೋಗಲ್ಲ.

ಕಾಗದದ ವಿಷಯಕ್ಕೆ ಬಂದರೆ, ಇಂಕ್‌ಜೆಟ್‌ಗೆ ಅಂತ ಮಾರುವ ಹೊಳಪಿನ ಫೋಟೋ ಪೇಪರ್ ಲೇಸರ್ ಪ್ರಿಂಟರ್ ಒಳಗಿನ ಬಿಸಿಗೆ ಕರಗಿ ಅಂಟಿಕೊಳ್ಳಬಹುದು. ಅಂಗಡಿಯವರು ಬೇಡ ಅಂದರೆ ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಹಳದಿ ಬಣ್ಣದ ಟೋನರ್ ಟ್ರಾನ್ಸ್‌ಫರ್ ಪೇಪರ್ ಅಂತಲೇ ಸಿಗುತ್ತದೆ, ಅದು ಉತ್ತಮ. ಇಲ್ಲದಿದ್ದರೆ ತೆಳುವಾದ ಹೊಳಪಿನ ಮ್ಯಾಗಜಿನ್ ಹಾಳೆ. ಹಳದಿ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ. ಹಾಗಾಗಿ ಮೊದಲು ಸಾದಾ ಎ4 ಹಾಳೆಯ ಮೇಲೆ ಪ್ರಿಂಟ್ ಮಾಡಿಸಿ, ಎಲ್ಲಿ ಬಂತು ನೋಡಿ, ಅಲ್ಲಿಗೆ ಹಳದಿ ತುಂಡನ್ನು ಬಿಸಿ ತಡೆಯುವ ಟೇಪಿನಲ್ಲಿ ಮುಂದಿನ ಅಂಚಿಗೆ ಮಾತ್ರ ಅಂಟಿಸಿ ಮತ್ತೆ ಪ್ರಿಂಟ್ ತೆಗೆಸಿ.

ಕನ್ನಡಿ ಬಿಂಬದ ಗೊಂದಲ ಎಲ್ಲರಿಗೂ ಆಗುತ್ತದೆ. ಕಾಗದವನ್ನು ಬೋರಲು ಹಾಕಿ ಒತ್ತುವುದರಿಂದ ಚಿತ್ರ ಬೋರ್ಡಿನ ಮೇಲೆ ತಿರುಗಿ ಬೀಳುತ್ತದೆ. ತೂತಿನ ಭಾಗಗಳಿರುವ ಬೋರ್ಡಿನಲ್ಲಿ ತಾಮ್ರ ಕೆಳಗಿನ ಪದರದಲ್ಲಿರುತ್ತದೆ, ಅದನ್ನು ಕೀಕ್ಯಾಡ್ ಮೇಲಿಂದ ನೋಡಿದ ಹಾಗೆ ತೋರಿಸುತ್ತದೆ. ಅಂದರೆ ಪರದೆಯ ಮೇಲೆ ಆಗಲೇ ತಿರುಗಿಯೇ ಇದೆ, ಮಿರರ್ ಮಾಡಬಾರದು. ಎಸ್‌ಎಮ್‌ಡಿ ಬೋರ್ಡಿನಲ್ಲಿ ತಾಮ್ರ ಮೇಲಿನ ಪದರ, ಅದನ್ನು ಮಿರರ್ ಮಾಡಲೇಬೇಕು. ಇಷ್ಟೆಲ್ಲ ನೆನಪಿರಲ್ಲ ಅಂದರೆ ತಾಮ್ರದ ಪದರದಲ್ಲೇ ನಿಮ್ಮ ಹೆಸರಿನ ಮೊದಲಕ್ಷರ ಬರೆಯಿರಿ. ಕಾಗದದ ಮೇಲೆ ಅದು ಉಲ್ಟಾ ಕಂಡರೆ ಬೋರ್ಡಿನ ಮೇಲೆ ಸರಿಯಾಗಿ ಬರುತ್ತದೆ. ಕಾಗದದಲ್ಲೇ ನೆಟ್ಟಗೆ ಓದೋಕೆ ಬಂದರೆ ಅದನ್ನು ಎಸೆದು ಇನ್ನೊಂದು ಪ್ರಿಂಟ್ ತೆಗೆಸಿ. ಕೀಕ್ಯಾಡ್‌ನಿಂದ ಪಿಡಿಎಫ್ ತೆಗೆಯುವಾಗ (ಪ್ಲಾಟ್) ಡ್ರಿಲ್ ಗುರುತಿಗೆ 'ಸ್ಮಾಲ್' ಆರಿಸಿ. ಪ್ಯಾಡಿನ ಮಧ್ಯೆ ಸಣ್ಣ ಚುಕ್ಕೆಯಷ್ಟು ತಾಮ್ರ ಕರಗಿ ಗುಳಿ ಬೀಳುತ್ತದೆ, ಡ್ರಿಲ್ ಬಿಟ್ ಜಾರದೆ ಅಲ್ಲೇ ಕೂರುತ್ತದೆ.

ಇಸ್ತ್ರಿ ಪೆಟ್ಟಿಗೆ ಹಳೇದಾದಷ್ಟೂ ಒಳ್ಳೇದು. ಭಾರ ಇರಬೇಕು, ತಳ ಸಪಾಟಾಗಿರಬೇಕು. ಸ್ಟೀಮ್ ಐರನ್ ತಳದಲ್ಲಿ ತೂತುಗಳಿರುವುದರಿಂದ ಅಲ್ಲಲ್ಲಿ ಒತ್ತಡವೇ ಬೀಳಲ್ಲ. ಕಾಟನ್ ಸೆಟ್ಟಿಂಗಿಗೆ ಇಟ್ಟು, ಮರದ ಹಲಗೆಯ ಮೇಲೆ ಬೋರ್ಡು, ಅದರ ಮೇಲೆ ಕಾಗದ ಬೋರಲು, ಅದರ ಮೇಲೆ ತೆಳು ಬಟ್ಟೆ. ಮೊದಲು ಅಲ್ಲಾಡಿಸದೆ ಅರ್ಧ ನಿಮಿಷ ಒತ್ತಿ ಹಿಡಿದು ಕಾಗದ ಅಂಟಿಸಿಕೊಳ್ಳಿ, ಆಮೇಲೆ 3ರಿಂದ 5 ನಿಮಿಷ ತುದಿಯಿಂದ ಅಂಚುಗಳನ್ನು ತೀಡಿ. ಅಂಚುಗಳಲ್ಲೇ ಜಾಸ್ತಿ ಕೈಕೊಡುವುದು. ಮ್ಯಾಗಜಿನ್ ಹಾಳೆಯಾದರೆ ನೀರಲ್ಲಿ ನೆನೆಸಿ ಹೆಬ್ಬೆರಳಿನಿಂದ ಉಜ್ಜಿ ತೆಗೆಯಿರಿ, ಹಳದಿ ಕಾಗದವಾದರೆ ಪೂರ್ತಿ ತಣ್ಣಗಾದ ಮೇಲೆ ಎತ್ತಿ. ಅಲ್ಲಲ್ಲಿ ಬಿಟ್ಟುಹೋದ ಟ್ರ್ಯಾಕನ್ನು ಸಿಡಿ ಮೇಲೆ ಬರೆಯುವ ಪರ್ಮನೆಂಟ್ ಮಾರ್ಕರಿನಿಂದ ಎರಡು ಪದರ ತುಂಬಿಸಿ. ಅರ್ಧಕ್ಕಿಂತ ಜಾಸ್ತಿ ಹಾಳಾಗಿದ್ದರೆ ಅಸಿಟೋನ್ ಹಾಕಿ ಅಳಿಸಿ ಮೊದಲಿಂದ ಮಾಡುವುದೇ ಬೇಗ ಮುಗಿಯುತ್ತದೆ.

ಡ್ರೈ ಫಿಲ್ಮ್, ಸ್ವಲ್ಪ ಮೇಲಿನ ದಾರಿ

0.2-0.3 ಮಿ.ಮೀ. ಟ್ರ್ಯಾಕ್ ಬೇಕು ಅಂದರೆ ಟೋನರ್ ಬಿಟ್ಟು ಡ್ರೈ ಫಿಲ್ಮ್ ಫೋಟೋರೆಸಿಸ್ಟಿಗೆ ಬನ್ನಿ. ನೀಲಿ ಬಣ್ಣದ ಫಿಲ್ಮು, ಎರಡೂ ಕಡೆ ಪಾರದರ್ಶಕ ಹಾಳೆ ಅಂಟಿರುತ್ತದೆ. ಅತಿನೇರಳೆ ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಉಳಿದ ಕಡೆ ತೊಳೆದು ಹೋಗುತ್ತದೆ.

ಆಫೀಸಿನ ಎ4 ಲ್ಯಾಮಿನೇಟರ್ ಕೊಳ್ಳುವುದಿದ್ದರೆ ಇದಕ್ಕೇ ಕೊಳ್ಳಿ. ಫಿಲ್ಮಿಗೆ 100ರಿಂದ 110 ಡಿಗ್ರಿ ಬೇಕು, ಅದು ಲ್ಯಾಮಿನೇಟರಿಗೆ ಸಲೀಸು. ಟೋನರಿಗೆ ಅದಕ್ಕಿಂತ ಜಾಸ್ತಿ ಬಿಸಿ ಬೇಕು, ಸಾದಾ ಲ್ಯಾಮಿನೇಟರಿನಲ್ಲಿ ಎಷ್ಟೋ ಸಲ ಓಡಿಸಬೇಕಾಗುತ್ತದೆ. ಒಳಗಿನ ಹಾಳೆ ಮಾತ್ರ ಸುಲಿದು, ಒಂದು ಅಂಚಿನಿಂದ ಗುಳ್ಳೆ ಬರದ ಹಾಗೆ ಅಂಟಿಸಿ ಓಡಿಸಿ. ಕೋಣೆಯಲ್ಲಿ ಟ್ಯೂಬ್‌ಲೈಟ್ ಆರಿಸಿ, ಹಳದಿ ಬಲ್ಬು ಹಾಕಿಕೊಳ್ಳಿ, ಕಿಟಕಿ ಪರದೆ ಎಳೆಯಿರಿ.

ಇಲ್ಲಿ ಇಂಕ್‌ಜೆಟ್ ಕೂಡ ಆಗುತ್ತದೆ. ಪಾರದರ್ಶಕ ಹಾಳೆಯ ಮೇಲೆ ನೆಗೆಟಿವ್ ಪ್ರಿಂಟ್ ಬೇಕು, ಅಂದರೆ ಟ್ರ್ಯಾಕ್ ಇರುವ ಕಡೆ ಖಾಲಿ, ಉಳಿದದ್ದು ಕಪ್ಪು. ಕಪ್ಪು ತೆಳುವಾಗಿದ್ದರೆ ಎರಡು ಪ್ರತಿ ಒಂದರ ಮೇಲೊಂದು ಕೂರಿಸಿ. ಮಸಿ ಇರುವ ಕಡೆ ಫಿಲ್ಮಿಗೆ ತಾಗಬೇಕು, ಮೇಲೊಂದು ದಪ್ಪ ಗಾಜು. ಬೆಳಕಿಗೆ ಉಗುರು ಬಣ್ಣ ಒಣಗಿಸುವ ಯುವಿ ಲ್ಯಾಂಪ್ ಸಾಕು. 365ರಿಂದ 405 ನ್ಯಾನೋಮೀಟರ್ ಬೆಳಕು ಫಿಲ್ಮಿಗೆ ಒಪ್ಪುತ್ತದೆ. ಎಷ್ಟು ಹೊತ್ತು ಅನ್ನುವುದು ಲ್ಯಾಂಪಿನಿಂದ ಲ್ಯಾಂಪಿಗೆ ಬೇರೆ. ಹಾಗಾಗಿ ಒಂದು ತುಂಡು ಬೋರ್ಡಿನ ಮೇಲೆ ರಟ್ಟು ಸರಿಸುತ್ತಾ 30 ಸೆಕೆಂಡಿಗೊಂದು ಪಟ್ಟೆ ತೆಗೆದು, ಯಾವುದು ಚೆನ್ನಾಗಿ ನಿಂತಿತೋ ಆ ಸಮಯವನ್ನು ಲ್ಯಾಂಪಿನ ಮೇಲೆಯೇ ಬರೆದಿಡಿ.

ತೊಳೆಯುವ ಮುಂಚೆ ಹೊರಗಿನ ಹಾಳೆ ಸುಲಿಯೋಕೆ ಮರೆಯಬೇಡಿ. ತೊಳೆಯೋಕೆ ಒಂದು ಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಅದು ಬೇರೆ ವಸ್ತು, ಕೆಲಸ ಮಾಡಲ್ಲ. ಹಳೇ ಬ್ರಷ್ಷಿನಿಂದ ಮೆಲ್ಲಗೆ ಸವರಿದರೆ ಬೆಳಕು ಬೀಳದ ಕಡೆ ತಾಮ್ರ ಕಾಣುತ್ತದೆ. ತಾಮ್ರ ಕರಗಿಸಿ ಮುಗಿದ ಮೇಲೆ ಉಳಿದ ಫಿಲ್ಮನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ತೆಗೆಯುತ್ತಾರೆ. ಕಾಸ್ಟಿಕ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ, ಕನ್ನಡಕ ಹಾಕದೆ ಮುಟ್ಟಬೇಡಿ. ನನ್ನ ಮಾತು ಕೇಳಿದರೆ ಅಸಿಟೋನಿನಲ್ಲೇ ತೆಗೆಯಿರಿ, ಬೆಂಕಿ ಹತ್ತಿರ ಇರದಂತೆ.

ತಾಮ್ರ ಕರಗಿಸುವುದು

ಫೆರಿಕ್ ಕ್ಲೋರೈಡ್ ತಗೊಳ್ಳಿ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸುವ ವಿಧಾನ ವೇಗವಾಗಿದೆ ನಿಜ, ಆದರೆ ಅದರ ಹೊಗೆ ಗಂಟಲಿಗೂ ಕೆಟ್ಟದ್ದು, ಕೋಣೆಯ ಕಬ್ಬಿಣದ ಸಾಮಾನಿಗೂ ಕೆಟ್ಟದ್ದು. ಮುಚ್ಚಿಟ್ಟ ಬಾಟಲಿ ಒಳಗೆ ಅನಿಲ ತುಂಬಿ ಸಿಡಿಯಲೂಬಹುದು. ಅಪಾರ್ಟ್‌ಮೆಂಟಿನಲ್ಲಿ ಅದು ಬೇಡವೇ ಬೇಡ.

ಫೆರಿಕ್ ಕ್ಲೋರೈಡ್ ಪುಡಿ ನೀರಿಗೆ ಬಿದ್ದರೆ ಜೋರಾಗಿ ಬಿಸಿಯಾಗುತ್ತದೆ. ಆದ್ದರಿಂದ ಯಾವಾಗಲೂ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಪಾತ್ರೆ ಪ್ಲಾಸ್ಟಿಕ್ ಅಥವಾ ಗಾಜಿನದು. ಸ್ಟೀಲ್ ತಟ್ಟೆಯನ್ನೂ ಇದು ತಿನ್ನುತ್ತದೆ, ಅಡುಗೆಮನೆಯ ಸಿಂಕ್ ಹತ್ತಿರವೂ ತರಬೇಡಿ. ನೆಲಕ್ಕೆ, ಬಟ್ಟೆಗೆ ಬಿದ್ದ ಹಳದಿ ಕಲೆ ಹೋಗುವುದಿಲ್ಲ. ಕೈಗವಸು, ಕನ್ನಡಕ, ಕೆಳಗೆ ದಪ್ಪಗೆ ಹಳೇ ಪೇಪರ್ ಹಾಸಿಕೊಂಡು ಬಾಲ್ಕನಿಯಲ್ಲಿ ಕೂತುಕೊಳ್ಳಿ.

ಬಿಸಿ ನೀರು ತುಂಬಿದ ದೊಡ್ಡ ಟಬ್ಬಿನೊಳಗೆ ದ್ರಾವಣದ ಸಣ್ಣ ಟಬ್ಬು ಇಟ್ಟರೆ 40ರಿಂದ 50 ಡಿಗ್ರಿ ಬರುತ್ತದೆ, ವೇಗ ಚೆನ್ನಾಗಿರುತ್ತದೆ. ಬೋರ್ಡನ್ನು ತಾಮ್ರ ಕೆಳಮುಖವಾಗಿ ತೇಲಿಸಿದರೆ ಕರಗಿದ್ದು ಕೆಳಗೆ ಇಳಿಯುತ್ತಾ ಹೊಸ ದ್ರಾವಣ ತಾಗುತ್ತಿರುತ್ತದೆ. ಇಲ್ಲದಿದ್ದರೆ ಟಬ್ಬನ್ನು ನಿಧಾನಕ್ಕೆ ತೂಗುತ್ತಾ ಇರಿ. ಹೊಸ ದ್ರಾವಣ ಬೆಚ್ಚಗಿದ್ದರೆ ಸಾಮಾನ್ಯವಾಗಿ 10ರಿಂದ 20 ನಿಮಿಷ. ಮೊಬೈಲ್ ನೋಡುತ್ತಾ ಕೂತರೆ ಟ್ರ್ಯಾಕಿನ ಅಂಚನ್ನೂ ಒಳಗಿಂದ ತಿನ್ನೋಕೆ ಶುರು ಮಾಡುತ್ತದೆ, ಹಾಗಾಗಿ ಆಗಾಗ ಪ್ಲಾಸ್ಟಿಕ್ ಚಿಮಟದಲ್ಲಿ ಎತ್ತಿ ನೋಡಿ. ಕೊನೇ ತುಂಡು ತಾಮ್ರ ಹೋದ ಕೂಡಲೇ ಪಕ್ಕದಲ್ಲೇ ಇಟ್ಟ ಇನ್ನೊಂದು ಟಬ್ ನೀರಿಗೆ ಹಾಕಿ. ಆ ತೊಳೆದ ನೀರನ್ನೂ ಚೆಲ್ಲದೆ ಎತ್ತಿಡಿ.

ದ್ರಾವಣವನ್ನು ಮತ್ತೆ ಮತ್ತೆ ಬಳಸಬಹುದು. ಆದರೆ ನೋಡೋಕೆ ಡಿಕಾಕ್ಷನ್ ಥರವೇ ಇರುವುದರಿಂದ ಕುಡಿಯುವ ನೀರಿನ, ಜ್ಯೂಸಿನ ಬಾಟಲಿಯಲ್ಲಿ ಎಂದೂ ಇಡಬೇಡಿ. ಬೇರೆ ಡಬ್ಬಿ, ದೊಡ್ಡದಾಗಿ 'ವಿಷ' ಅಂತ ಬರಹ, ಮಕ್ಕಳ ಕೈಗೆ ಸಿಗದ ಜಾಗ.

ಸೋತ ದ್ರಾವಣವನ್ನು ಚರಂಡಿಗೋ ಗಿಡಕ್ಕೋ ಸುರಿಯಬಾರದು. ಅದರಲ್ಲಿ ಕರಗಿದ ತಾಮ್ರ ಇದೆ, ಮೀನುಗಳಿಗೆ ವಿಷ. ಚರಂಡಿ ನೀರು ಕೊನೆಗೆ ಯಾವುದೋ ಕೆರೆಗೇ ಹೋಗುತ್ತದಲ್ವಾ? ಅಗಲವಾದ ಬಕೆಟ್ಟಿಗೆ ಹಾಕಿ ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಸೇರಿಸಿ. ಜೋರಾಗಿ ನೊರೆ ಉಕ್ಕುತ್ತದೆ, ಅದಕ್ಕೇ ಬಕೆಟ್ ದೊಡ್ಡದಿರಬೇಕು. ಹಾಕಿದರೂ ನೊರೆ ಬರದಾದಾಗ ತಾಮ್ರ, ಕಬ್ಬಿಣ ಕೆಸರಾಗಿ ತಳ ಸೇರಿರುತ್ತವೆ. ಹಾಗೇ ಬಿಸಿಲಲ್ಲಿ ನೀರು ಆರಿಸಿ, ಉಳಿದ ಗಷ್ಟನ್ನು ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು ಅಪಾಯಕಾರಿ ಕಸ ತಗೊಳ್ಳುವವರಿಗೆ ಕೊಡಿ.

ತೂತು

ಗೋಡೆ ಕೊರೆಯುವ ಡ್ರಿಲ್ ಮಷಿನ್ ಮನೆಯಲ್ಲಿದೆ, ಅದೇ ಸಾಕು ಅಂತ ಅಂದುಕೊಳ್ಳಬೇಡಿ. ಅದರ ಚಕ್ (ಬಿಟ್ ಹಿಡಿಯುವ ಬಾಯಿ) ಅಷ್ಟು ಸಣ್ಣ ಬಿಟ್ಟನ್ನು ಹೆಚ್ಚಾಗಿ ಹಿಡಿಯುವುದೇ ಇಲ್ಲ, ಹಿಡಿದರೂ ತೂಗಾಡುತ್ತದೆ.

12 ವೋಲ್ಟಿನ ಸಣ್ಣ ಪಿಸಿಬಿ ಡ್ರಿಲ್ ಬೇಕು, ಅದಕ್ಕಿಂತ ಮುಖ್ಯವಾಗಿ ಅದಕ್ಕೊಂದು ಸ್ಟ್ಯಾಂಡ್ ಬೇಕು. ನೇರ ಕೆಳಗೆ ಇಳಿಯುವ ಸ್ಟ್ಯಾಂಡ್ ಇಲ್ಲದೆ ಕಾರ್ಬೈಡ್ ಬಿಟ್ ತಂದರೆ ಒಂದೊಂದು ತೂತಿಗೆ ಒಂದೊಂದು ಬಿಟ್ ಮುರಿಯುತ್ತೀರಿ. ಕಾರ್ಬೈಡ್ ತುಂಬಾ ಗಟ್ಟಿ, ಆದರೆ ಸ್ವಲ್ಪ ಓರೆಯಾದರೂ ಪಟ್ ಅಂತ ಹೋಗುತ್ತದೆ. ಕೈಯಲ್ಲೇ ಹಿಡಿದು ಕೊರೆಯುವುದಾದರೆ ಹೈಸ್ಪೀಡ್ ಸ್ಟೀಲ್ ಬಿಟ್ ತಗೊಳ್ಳಿ, ಬಾಗುತ್ತದೆ, ಬೇಗ ಮುರಿಯಲ್ಲ. ಗ್ಲಾಸ್ ಎಪಾಕ್ಸಿಯಲ್ಲಿ ಬೇಗ ಮೊಂಡಾಗುತ್ತದೆ ಅಷ್ಟೇ. ಕಾರ್ಬೈಡ್ ಬಿಟ್ಟುಗಳ ಹಿಡಿ 3.175 ಮಿ.ಮೀ. ದಪ್ಪ ಇರುತ್ತದೆ. ನಿಮ್ಮ ಡ್ರಿಲ್ಲಿನ ಚಕ್ ಅದನ್ನು ಹಿಡಿಯುತ್ತದಾ ಅಂತ ಕೊಳ್ಳುವ ಮುಂಚೆ ನೋಡಿ.

ಅಳತೆ ಮೂರಿದ್ದರೆ ಸಾಕು. ರೆಸಿಸ್ಟರ್, ಐಸಿಗೆ 0.8, ಪಿನ್ ಹೆಡರ್ ಮತ್ತು 1ಎನ್4007 ಥರದ ಡಯೋಡಿಗೆ 1.0, ಸ್ಕ್ರೂಗೆ 3 ಮಿ.ಮೀ. ಬೋರ್ಡಿನ ಕೆಳಗೆ ಮರದ ತುಂಡು ಇಡಿ. ವೇಗ ಜಾಸ್ತಿ, ಒತ್ತಡ ಕಡಿಮೆ. ಗಾಜಿನ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಮಾಸ್ಕ್ ಹಾಕಿ, ಊದಿ ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

3018 ಅಂತ ಸಿಗುವ ಪುಟ್ಟ ಸಿಎನ್‌ಸಿ (ಕಂಪ್ಯೂಟರ್ ಹೇಳಿದ ಹಾಗೆ ಕೊರೆಯುವ, ಕೆತ್ತುವ ಯಂತ್ರ) ಬಗ್ಗೆ ಎಲ್ಲರೂ ಕೇಳುತ್ತಾರೆ. ತೂತು ಕೊರೆಯೋಕೆ ಅದು ನಿಜಕ್ಕೂ ಚೆನ್ನಾಗಿದೆ. ಟ್ರ್ಯಾಕನ್ನೂ ಅದರಲ್ಲೇ ಕೆತ್ತಬಹುದು, ರಾಸಾಯನಿಕವೇ ಬೇಡ. ಆದರೆ ಬೋರ್ಡು ಎಲ್ಲೂ ಪೂರ್ತಿ ಸಪಾಟಾಗಿರಲ್ಲ, 0.1 ಮಿ.ಮೀ. ಏರುಪೇರಾದರೂ ಒಂದು ಕಡೆ ತಾಮ್ರ ಉಳಿದು ಇನ್ನೊಂದು ಕಡೆ ಟ್ರ್ಯಾಕೇ ಹೋಗುತ್ತದೆ. ಪ್ರತಿ ಸಲ ಮೇಲ್ಮೈಯ ಎತ್ತರವನ್ನು ಅಳೆಸಿ ಸರಿದೂಗಿಸಬೇಕು. ಸದ್ದೂ ಜಾಸ್ತಿ. ಮೊದಲ ಖರೀದಿಗೆ ನಾನು ಹೇಳಲ್ಲ.

ಕೊನೇ ಕೆಲಸ

ಟೋನರ್ ಅಳಿಸಿ, ಮತ್ತೊಮ್ಮೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿದ ರಾಳವನ್ನು ಬ್ರಷ್ಷಿನಿಂದ ತೆಳುವಾಗಿ ಬಳಿಯಿರಿ. ತಾಮ್ರ ಕಪ್ಪಾಗಲ್ಲ, ಸೋಲ್ಡರೂ ಚೆನ್ನಾಗಿ ಹಿಡಿಯುತ್ತದೆ. ಸೋಲ್ಡರ್ 63/37 ತಗೊಳ್ಳಿ, 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ. ಅದರಲ್ಲಿ ಸೀಸ ಇರುತ್ತದೆ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಭಾಗಗಳನ್ನು ಕೂರಿಸುವ ಮೊದಲೇ ಬೋರ್ಡನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿ. ಮನೆ ಬೋರ್ಡಿನಲ್ಲಿ ಕೂದಲಷ್ಟು ತೆಳುವಾದ ತಾಮ್ರದ ಎಳೆ ಎರಡು ಟ್ರ್ಯಾಕ್ ನಡುವೆ ಉಳಿದಿರುವುದು, ಅಥವಾ ಅಷ್ಟೇ ತೆಳುವಾಗಿ ಟ್ರ್ಯಾಕ್ ಸೀಳಿರುವುದು ಮಾಮೂಲಿ. ಮಲ್ಟಿಮೀಟರ್ ಬೀಪ್ ಮೋಡಿಗೆ ಇಟ್ಟು ಮೊದಲು ಪವರ್ ಮತ್ತು ಗ್ರೌಂಡ್ ನಡುವೆ, ಆಮೇಲೆ ಐಸಿಯ ಅಕ್ಕಪಕ್ಕದ ಕಾಲುಗಳ ನಡುವೆ ನೋಡಿಕೊಳ್ಳಿ. ಬೇಡದ ಎಳೆಯನ್ನು ಬ್ಲೇಡಿನ ತುದಿಯಿಂದ ಗೀರಿ ತೆಗೆಯಿರಿ, ಸೀಳಿದ್ದನ್ನು ರೆಸಿಸ್ಟರ್ ಕಾಲಿನ ತುಂಡಿಟ್ಟು ಬೆಸೆಯಿರಿ. ಮೊದಲ ಸಲ ಕರೆಂಟ್ ಕೊಡುವಾಗ ಸಾಕೆಟ್ಟಿನಲ್ಲಿ ಕೂರುವ ಐಸಿ ಇದ್ದರೆ ಅದನ್ನು ಹಾಕದೆ ಸಾಕೆಟ್ ಖಾಲಿ ಬಿಟ್ಟು, ಅದರ ಪವರ್ ಕಾಲಿನಲ್ಲಿ 5 ವೋಲ್ಟ್ ಬಂದಿದೆಯಾ ಅಂತ ಅಳೆದು, ಆಫ್ ಮಾಡಿ, ಆಮೇಲೆ ಐಸಿ ಹಾಕಿ.